ಎರೆಮಣ್ಣಿನ ಜಾಗದಲ್ಲಿ ಈಜುಕೊಳಕ್ಕೆ ಗಾಜಿನ ಬೇಲಿ: ನೆಲವನ್ನು ಹೇಗೆ ಸಿದ್ಧಪಡಿಸಬೇಕು?

ಪ್ರಶ್ನೆ (ಗಂಗಾವತಿಯಿಂದ):
ಮಾನ್ಯರೇ, ಗಂಗಾವತಿ ಸಮೀಪದ ನಮ್ಮ ತೋಟದ ಮನೆಯಲ್ಲಿ ಆರ್‌ಸಿಸಿ ಈಜುಕೊಳ ಕಟ್ಟಿಸಿದ್ದೇವೆ. ಸಣ್ಣ ಮಕ್ಕಳಿರುವುದರಿಂದ ಸುತ್ತಲೂ 12 ಮಿ.ಮೀ. ಟಫನ್ಡ್ (ಕಾಯಿಸಿ ಗಟ್ಟಿಗೊಳಿಸಿದ) ಗಾಜಿನ ಬೇಲಿ ಹಾಕಿಸಬೇಕೆಂದಿದ್ದೇವೆ. ಜಾಗವೆಲ್ಲ ಎರೆಮಣ್ಣು, ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ ಕೂಡಿಕೊಳ್ಳುತ್ತದೆ. ಎರಡು ಅಡಿ ಅಗೆದು, ಗರಸು ತುಂಬಿ, ದಮ್ಮಸ್ಸು ಮಾಡಿ, ಮೇಲೆ ಕಾಂಕ್ರೀಟ್ ಹಾಕಿ ಶಹಾಬಾದ್ ಕಲ್ಲು ಹಾಸಿದರೆ ಸಾಕೆಂದು ಗೌಂಡಿಯವರು ಹೇಳುತ್ತಾರೆ. ಗಾಜಿನವರಿಗೆ ಈಗಲೇ ಅಳತೆ ಕೊಡಬಹುದೇ?

ಉತ್ತರ 1 (ರಾಯಚೂರಿನ ಸಿವಿಲ್ ಎಂಜಿನಿಯರ್):
ಗೌಂಡಿಯವರು ಹೇಳಿದ ಕ್ರಮ ಓಡಾಡುವ ಹಾಸಿಗೆ ನಡೆದೀತು, ಬೇಲಿಗೆ ಸಾಲದು. ಎರಡು ಅಡಿಯ ಕೆಳಗೂ ಎರೆಮಣ್ಣೇ ಇರುವುದರಿಂದ ಅದು ಉಬ್ಬಿದಾಗ ಗರಸು, ಕಾಂಕ್ರೀಟ್, ಕಲ್ಲು ಎಲ್ಲವೂ ಮೇಲೇಳುತ್ತವೆ. ಅದೂ ಒಂದೊಂದು ಕಡೆ ಒಂದೊಂದು ರೀತಿ, ಏಕೆಂದರೆ ಕೊಳದ ಮಗ್ಗುಲಿನ ತೇವವೇ ಬೇರೆ, ಹೊರಗಿನ ಅಂಚಿನ ತೇವವೇ ಬೇರೆ. ಕಬ್ಬಿಣದ ಬೇಲಿ ಸ್ವಲ್ಪ ಬಾಗಿ ಹೊಂದಿಕೊಂಡೀತು. ಗಾಜಿನ ಅಂಚು ಪಕ್ಕದ ಗಾಜಿಗೆ ಒತ್ತಿಕೊಂಡರೆ ಇಡೀ ಹಲಗೆ ಪುಡಿಯಾಗುವ ಅಪಾಯವಿದೆ.

ಸಾಧ್ಯವಾದರೆ ಬೇಲಿಯನ್ನು ಕೊಳದ ಗೋಡೆಯ ಬೀಮಿನ ಮೇಲೆಯೇ ತನ್ನಿರಿ. ಆಗ ಕೊಳವೂ ಬೇಲಿಯೂ ಒಟ್ಟಿಗೆ ನಿಲ್ಲುತ್ತವೆ. ಆ ಭಾರಕ್ಕೆ ಗೋಡೆ ತಡೆಯುತ್ತದೆಯೇ ಎಂಬುದನ್ನು ವಿನ್ಯಾಸ ಮಾಡಿದವರಿಂದಲೇ ಕೇಳಿ ತಿಳಿಯಬೇಕು. ದೂರದಲ್ಲೇ ಬೇಕೆಂದಾದರೆ, ತೇವದ ಏರಿಳಿತ ತಲುಪದ ಆಳಕ್ಕೆ, ಅಂದರೆ ಸಾಮಾನ್ಯವಾಗಿ ಕನಿಷ್ಠ 3.5 ಮೀಟರಿನವರೆಗೆ, ಅಂಡರ್‌ರೀಮ್ಡ್ ಪೈಲ್ (ತಳದ ಬಳಿ ಗಡ್ಡೆಯಂತೆ ಅಗಲಿಸಿದ ಕಾಂಕ್ರೀಟ್ ಕಂಬ) ಇಳಿಸಿ, ಅವುಗಳ ಮೇಲೆ ಬೀಮ್ ಕಟ್ಟಿ, ಬೀಮಿನ ತಳಕ್ಕೂ ಮಣ್ಣಿಗೂ ನಡುವೆ ಉಬ್ಬುವುದಕ್ಕೆ ಸಂದು ಬಿಡಬೇಕು. ಖರ್ಚು ಬೇಲಿಯನ್ನೇ ಮೀರೀತು, ಆದ್ದರಿಂದ ನನ್ನ ಒಲವು ಮೊದಲನೆಯದಕ್ಕೆ.

ಉತ್ತರ 2 (ಬಳ್ಳಾರಿಯಲ್ಲಿ ಗಾಜು ಕೂರಿಸುವವರು):
ಅಳತೆಯನ್ನು ಈಗ ಖಂಡಿತ ಕೊಡಬೇಡಿ. ಟಫನ್ಡ್ ಮಾಡಿದ ಮೇಲೆ ಗಾಜನ್ನು ಕತ್ತರಿಸಲಾಗದು, ತೂತು ಕೊರೆಯಲೂ ಆಗದು. ಅಳತೆ ತಪ್ಪಿದ ಗಾಜು ಊಟದ ಮೇಜಿಗಷ್ಟೇ ಬಂದೀತು. ಕಲ್ಲು ಹಾಸಿ ಮುಗಿದ ಬಳಿಕ, ಗುಳ್ಳೆಯಿಲ್ಲದಂತೆ ನೀರು ತುಂಬಿದ ಟ್ಯೂಬ್ ಲೆವೆಲ್‌ನಿಂದ ಪ್ರತಿ ಮೂಲೆಯ ಮಟ್ಟ ನೋಡಿ, ಆಮೇಲೆ ಅಳತೆ ಬರೆಯುತ್ತೇವೆ. ಆಸ್ಟ್ರೇಲಿಯಾದ ಮಾನದಂಡದಂತೆ ಎತ್ತರ ಕನಿಷ್ಠ 1200 ಮಿ.ಮೀ. ಇರಲಿ, ಕೆಳಗಿನ ಸಂದು 100 ಮಿ.ಮೀ. ಮೀರದಿರಲಿ.

ಗಾಜು ಹಿಡಿಯುವ ಸ್ಟೀಲ್ ಸ್ಪಿಗಾಟ್‌ಗಳು ಶಹಾಬಾದ್ ಕಲ್ಲಿನ ಬಲದ ಮೇಲೆ ನಿಲ್ಲಬಾರದು. ಕಲ್ಲನ್ನು ದಾಟಿ ಬೀಮಿನೊಳಕ್ಕೆ ಕೋರ್ ಕಟಿಂಗ್ ಮಾಡಿ (ದುಂಡನೆಯ ತೂತು ಕೊರೆದು), ಒಣಗಿದಾಗ ಕುಗ್ಗದ ಸಿಮೆಂಟ್ ಗ್ರೌಟ್‌ನಿಂದ ಕೂರಿಸಬೇಕು. ಕ್ಲೋರಿನ್ ನೀರಿನ ಬಳಿ ತುಕ್ಕನ್ನು ಚೆನ್ನಾಗಿ ತಡೆಯುವ 316 ದರ್ಜೆಯ ಸ್ಟೀಲನ್ನೇ ಕೇಳಿರಿ. ಕೊರೆಯುವಾಗ ತಗುಲದಂತೆ, ಪೈಪು ಮತ್ತು ವೈರು ಹೋದ ಜಾಗವನ್ನು ಮುಚ್ಚುವ ಮುನ್ನ ಫೋಟೊ ತೆಗೆದಿಡಿ.

ಪ್ರಶ್ನಿಸಿದವರು:
ಇಬ್ಬರಿಗೂ ಧನ್ಯವಾದ. ಹಾಸಿನ ಇಳಿಜಾರು ಹೊರಗಡೆಗೆ ಇದ್ದರೆ ಆ ನೀರೆಲ್ಲ ಎರೆಮಣ್ಣಿಗೇ ಇಂಗುವುದಿಲ್ಲವೇ?

ಉತ್ತರ 1:
ಇಂಗುತ್ತದೆ, ಅದಕ್ಕೇ ಹಾಸಿನ ಅಂಚಿಗೆ ಕಾಂಕ್ರೀಟಿನ ಗಟಾರ ಕಟ್ಟಿಸಿ, ನೀರನ್ನು ಬೇಲಿಯಿಂದ ದೂರ ಒಯ್ದು ಬಿಡಿಸಿ. ಅಂಚಿನಲ್ಲಿ ಹೂವಿನ ಪಾತಿ ಮಾಡಿ ದಿನಾ ನೀರುಣಿಸುವ ಆಸೆ ಇದ್ದರೆ ಅದನ್ನೂ ಬಿಡಿ.