ಅಮಾನತಾದ ನೌಕರ ಐದೇ ತಿಂಗಳಲ್ಲಿ ಮರಳಿ ಕೆಲಸಕ್ಕೆ: ಇಲಾಖಾ ವಿಚಾರಣೆ ಏಕೆ ಮುಗಿಯುವುದಿಲ್ಲ?

ಪ್ರಶ್ನೆ

ನಮ್ಮ ತಂದೆಯವರು ತೀರಿಕೊಂಡ ಬಳಿಕ ಜಮೀನಿನ ಪೌತಿ ಖಾತೆಗೆ ಅರ್ಜಿ ಸಲ್ಲಿಸಿದಾಗ, ಕಡತ ಮುಂದೆ ಹೋಗಬೇಕಾದರೆ ಹಣ ಕೊಡಬೇಕೆಂದು ಅಲ್ಲಿನ ನೌಕರರೊಬ್ಬರು ನೇರವಾಗಿಯೇ ಕೇಳಿದರು. ನಾನೂ ನಮ್ಮೂರಿನ ಇನ್ನಿಬ್ಬರು ರೈತರೂ ಲಿಖಿತ ದೂರು ಕೊಟ್ಟೆವು; ಅವರು ಅಮಾನತಾದರು. ಐದು ತಿಂಗಳಾಗುವಷ್ಟರಲ್ಲಿ ಅದೇ ವ್ಯಕ್ತಿ ಪಕ್ಕದ ತಾಲ್ಲೂಕಿನಲ್ಲಿ ಅದೇ ಹುದ್ದೆಯಲ್ಲಿ ಕುಳಿತಿದ್ದರು. ಕೇಳಿದ್ದಕ್ಕೆ "ಇಲಾಖಾ ವಿಚಾರಣೆ ಬಾಕಿ ಇರುತ್ತದೆ" ಎಂಬ ಒಂದು ಸಾಲಿನ ಹಿಂಬರಹ ಬಂದಿದೆ. ಸಂವಿಧಾನದ 311ನೇ ವಿಧಿ ಇರುವವರೆಗೂ ಇಂಥವರನ್ನು ಯಾರೂ ಅಲುಗಾಡಿಸಲಾಗದು ಎನ್ನುತ್ತಾರೆ. ಇದು ನಿಜವೇ?

ಉತ್ತರ 1 (ನಿವೃತ್ತ ನೌಕರ)

ನಿಜವಲ್ಲ. ಸಿಬ್ಬಂದಿ ಶಾಖೆಯಲ್ಲಿ ಹಲವು ವರ್ಷ ಇದೇ ಕಡತಗಳನ್ನು ನೋಡಿಕೊಂಡವನಾಗಿ ಹೇಳುತ್ತಿದ್ದೇನೆ. ನೇಮಕ ಮಾಡಿದ ಪ್ರಾಧಿಕಾರಕ್ಕಿಂತ ಕೆಳಗಿನವರು ವಜಾ ಮಾಡಬಾರದು, ಆರೋಪವನ್ನು ತಿಳಿಸಿ ಉತ್ತರಿಸಲು ಅವಕಾಶ ಕೊಡದೆ ವಜಾ ಮಾಡಬಾರದು ಎಂಬುದಷ್ಟೇ 311ನೇ ವಿಧಿಯ ಸಾರ. ಕ್ರಿಮಿನಲ್ ಪ್ರಕರಣದಲ್ಲಿ ಶಿಕ್ಷೆಯಾದವರಿಗೆ ಆ ವಿಚಾರಣೆಯೂ ಬೇಕಿಲ್ಲ. ಇಂಥ ವಿನಾಯಿತಿಗಳನ್ನು ಸುಪ್ರೀಂ ಕೋರ್ಟ್ 1985ರ ತುಳಸಿರಾಮ್ ಪಟೇಲ್ ಪ್ರಕರಣದಲ್ಲಿ ಎತ್ತಿಹಿಡಿದಿದೆ.

ನೀವು ನ್ಯಾಯವೆಂದು ತಿಳಿದ ಅಮಾನತು ಶಿಕ್ಷೆಯೇ ಅಲ್ಲ. ನಮ್ಮ ರಾಜ್ಯದ 1957ರ ಸಿ.ಸಿ.ಎ. (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ ಪ್ರಕಾರ ದೋಷಾರೋಪಣ ಪಟ್ಟಿ ಜಾರಿಯಾಗಿ, ವಿಚಾರಣಾಧಿಕಾರಿಯ ವರದಿ ಬಂದು, ಶಿಸ್ತು ಪ್ರಾಧಿಕಾರ ಆದೇಶ ಹೊರಡಿಸಿದ ಮೇಲೆಯೇ ದಂಡನೆ. ಅಮಾನತಿನ ಆದೇಶ ಒಂದೇ ದಿನದಲ್ಲಿ ಹೊರಡುತ್ತದೆ, ಪತ್ರಿಕೆಯಲ್ಲೂ ಬರುತ್ತದೆ. ದೋಷಾರೋಪಣ ಪಟ್ಟಿಗೆ ದಾಖಲೆಗಳನ್ನು ಜೋಡಿಸಿ, ಸಾಕ್ಷಿಗಳ ಹೆಸರು ಬರೆದು ಮೇಲಕ್ಕೆ ಕಳುಹಿಸುವ ಕೆಲಸ ಮಾತ್ರ ಯಾರಿಗೂ ಬೇಡ. ಅಷ್ಟರಲ್ಲಿ ಇಲಾಖೆಯ ಪರವಾಗಿ ಪ್ರಕರಣ ಮಂಡಿಸುವ ಮಂಡನಾಧಿಕಾರಿಗೆ ವರ್ಗವಾಗುತ್ತದೆ, ಹೊಸಬರು ಬಂದು ಕಡತವನ್ನು ಮೊದಲಿನಿಂದ ಓದುತ್ತಾರೆ. ವಿಚಾರಣೆಯನ್ನು ಆರು ತಿಂಗಳಲ್ಲಿ, ತಡವಾದರೆ ಒಂದು ವರ್ಷದೊಳಗೆ ಮುಗಿಸಬೇಕೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಪಾಲಿಸದವರನ್ನು ಕೇಳುವವರಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ. ಕೆ.ಸಿ.ಎಸ್.ಆರ್. (ಕರ್ನಾಟಕ ನಾಗರಿಕ ಸೇವಾ ನಿಯಮಗಳು) ನಿಯಮ 214ರ ಪ್ರಕಾರ ನೌಕರ ನಿವೃತ್ತನಾದ ಮೇಲೆ, ನಾಲ್ಕು ವರ್ಷಕ್ಕಿಂತ ಹಿಂದಿನ ಘಟನೆಯ ಬಗ್ಗೆ ಹೊಸದಾಗಿ ವಿಚಾರಣೆ ಆರಂಭಿಸುವಂತಿಲ್ಲ. ನಿವೃತ್ತಿಯ ಅಂಚಿನಲ್ಲಿರುವವರ ಕಡತವನ್ನು ಮೇಜಿನ ಮೇಲೆ ಸುಮ್ಮನೆ ಇಟ್ಟುಕೊಂಡರೆ ಸಾಕು, ಪ್ರಕರಣ ತಾನಾಗಿ ಸಾಯುತ್ತದೆ. ಹಾಗೆ ಇಟ್ಟುಕೊಂಡ ಮೇಲಧಿಕಾರಿಯ ಮೇಲೂ ಶಿಸ್ತುಕ್ರಮ ಆಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಉತ್ತರ 2

ಹಿರಿಯರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಕಚೇರಿಯ ವಹಿಯೊಂದು ಕಾಣೆಯಾದ ಆರೋಪದಲ್ಲಿ ನನ್ನ ತಂದೆಯವರು ಅಮಾನತಿನಲ್ಲಿದ್ದರು. ಅಮಾನತಿನ ಅವಧಿಯಲ್ಲಿ ಸಂಬಳದ ಬದಲು ಸಿಗುವ ಜೀವನಾಧಾರ ಭತ್ಯೆ ಪಡೆಯಲು, ಬೇರೆಲ್ಲೂ ದುಡಿಯುತ್ತಿಲ್ಲವೆಂಬ ದೃಢೀಕರಣವನ್ನು ಪ್ರತಿ ತಿಂಗಳೂ ಬರೆದು ಕೊಡಬೇಕಿತ್ತು. ಅದಕ್ಕೆ ಸಹಿ ಹಾಕುವಾಗ ಅವರ ಕೈ ನಡುಗುತ್ತಿದ್ದುದನ್ನು ನಾನು ನೋಡಿದ್ದೇನೆ. ವಹಿ ಮತ್ತೊಂದು ಶಾಖೆಯ ಬೀರುವಿನಲ್ಲೇ ಸಿಕ್ಕಿತು, ಆರೋಪ ಬಿದ್ದುಹೋಯಿತು. ಆದರೆ ಅದಕ್ಕೆ ಮೂರು ವರ್ಷ ಹಿಡಿಯಿತು. ಆದ್ದರಿಂದ 311ನೇ ವಿಧಿಯನ್ನೇ ತೆಗೆಯಬೇಕೆಂಬ ಮಾತು ಕೇಳಿದಾಗ ನನಗೆ ಭಯವಾಗುತ್ತದೆ. ಆ ರಕ್ಷಣೆ ಇಲ್ಲದಿದ್ದರೆ ಮೊದಲ ವಾರವೇ ಅವರನ್ನು ಮನೆಗೆ ಕಳುಹಿಸುತ್ತಿದ್ದರು.

ಉತ್ತರ 3

ಪ್ರಶ್ನೆ ಕೇಳಿದವರಿಗೆ: ಮಾಹಿತಿ ಹಕ್ಕಿನಲ್ಲಿ ಇಡೀ ಕಡತ ಕೇಳಬೇಡಿ. ನೌಕರನ ಶಿಸ್ತು ದಾಖಲೆಗಳು ವೈಯಕ್ತಿಕ ಮಾಹಿತಿ ಎಂಬ 2012ರ ಸುಪ್ರೀಂ ಕೋರ್ಟ್ ತೀರ್ಪನ್ನು ತೋರಿಸಿ ನಿರಾಕರಿಸುತ್ತಾರೆ. ದೋಷಾರೋಪಣ ಪಟ್ಟಿ ಜಾರಿಯಾದ ದಿನಾಂಕ, ವಿಚಾರಣಾಧಿಕಾರಿಯ ನೇಮಕದ ದಿನಾಂಕ, ಇವೆರಡನ್ನೇ ಕೇಳಿ. ಲೋಕಾಯುಕ್ತಕ್ಕೆ ನಿಗದಿತ ನಮೂನೆಯಲ್ಲಿ, ಪ್ರಮಾಣಪತ್ರದೊಂದಿಗೆ ದೂರು ಕೊಡುವ ದಾರಿಯೂ ಇದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಮ್ಮ ಮೂವರಲ್ಲಿ ಯಾರಿಗೂ ಇಂದಿನವರೆಗೆ ಸಾಕ್ಷಿಯಾಗಿ ಹಾಜರಾಗಲು ನೋಟಿಸ್ ಬಂದಿಲ್ಲ. ಆ ಎರಡು ದಿನಾಂಕಗಳನ್ನು ಕೇಳಿ ಸೋಮವಾರವೇ ಅರ್ಜಿ ಹಾಕುತ್ತೇನೆ.