ಎಂಆರ್‌ಪಿ ದಿನಾ ರನ್ ಮಾಡಿದರೂ ಪಾರ್ಟ್ ಕೊರತೆ ಯಾಕೆ?

ಪ್ರಶ್ನೆ: ಸರ್, ನಾನು ಫ್ಯಾಕ್ಟರಿಯೊಂದರಲ್ಲಿ ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ದಿನಾ ಬೆಳಿಗ್ಗೆ ಸಾಫ್ಟ್‌ವೇರ್‌ನಲ್ಲಿ ಎಂಆರ್‌ಪಿ (ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್, ಅಂದರೆ ಯಾವ ಪಾರ್ಟ್ ಎಷ್ಟು, ಯಾವಾಗ ಬೇಕು ಅನ್ನುವ ಲೆಕ್ಕ) ರನ್ ಮಾಡುತ್ತೇವೆ. ಸ್ಟೋರ್ ತುಂಬಿದೆ. ಆದರೂ ಅಸೆಂಬ್ಲಿಗೆ ಒಂದಲ್ಲ ಒಂದು ಪಾರ್ಟ್ ಇರುವುದಿಲ್ಲ. ತಡವಾಗುತ್ತಿದೆ ಅಂತ ಎಲ್ಲ ಐಟಂಗಳ ಲೀಡ್ ಟೈಮ್ (ಆರ್ಡರ್ ಹಾಕಿದ ಮೇಲೆ ಪಾರ್ಟ್ ಕೈಗೆ ಬರಲು ಹಿಡಿಯುವ ಸಮಯ) ಹೆಚ್ಚಿಸಿದೆವು. ಈಗ ಇನ್ನೂ ಜಾಸ್ತಿ ತಡ. ಸಾಫ್ಟ್‌ವೇರನ್ನೇ ಬದಲಿಸಬೇಕಾ?

ಉತ್ತರ: ಈಗಲೇ ಬೇಡ. ಮೊದಲು ಎಂಆರ್‌ಪಿ ಮಾಡುವ ಲೆಕ್ಕವನ್ನು ಒಮ್ಮೆ ಕೈಯಲ್ಲೇ ಹಾಕಿ ನೋಡಿ.

200 ಪಂಪ್ ಆರ್ಡರ್ ಇದೆ, ಒಂದಕ್ಕೆ 2 ಬೇರಿಂಗ್ ಅಂದುಕೊಳ್ಳಿ. ಒಟ್ಟು 400 ಬೇಕು. ಸ್ಟಾಕ್ 150, ಬರಬೇಕಾದ ಪರ್ಚೇಸ್ ಆರ್ಡರ್ 100. ಉಳಿದದ್ದು 150. ಸೇಫ್ಟಿ ಸ್ಟಾಕ್, ಅಂದರೆ ಆಪತ್ತಿಗೆ ಅಂತ ಇಟ್ಟುಕೊಳ್ಳುವ ಸ್ಟಾಕ್, 50 ಸೇರಿಸಿದರೆ 200 ತರಿಸಿ ಅನ್ನುತ್ತದೆ. ಲೀಡ್ ಟೈಮ್ 10 ದಿನ ಇದ್ದರೆ ಅಷ್ಟು ದಿನ ಮೊದಲೇ ಆರ್ಡರ್ ಹಾಕಲು ಹೇಳುತ್ತದೆ.

ಈಗ ಸ್ಟೋರ್‌ನಲ್ಲಿ ನಿಜವಾಗಿ ಇರುವುದು 90 ಮಾತ್ರ ಆಗಿದ್ದರೆ? ಯಾರೋ ಎಂಟ್ರಿ ಮಾಡದೆ 60 ತೆಗೆದುಕೊಂಡು ಹೋಗಿದ್ದಾರೆ. ಸೇಫ್ಟಿ ಸ್ಟಾಕ್ ಪೂರ್ತಿ ಕರಗಿದ ಮೇಲೂ 10 ಬೇರಿಂಗ್ ಕಡಿಮೆ. ಸಾಫ್ಟ್‌ವೇರ್ ಒಂದು ಅಂಕಿಯನ್ನೂ ತಪ್ಪು ಲೆಕ್ಕ ಹಾಕಲಿಲ್ಲ, ಆದರೂ ಲೈನ್ ನಿಂತಿತು. ಬಿಲ್ ಆಫ್ ಮೆಟೀರಿಯಲ್‌ನಲ್ಲಿ (ಒಂದು ಪಂಪ್‌ಗೆ ಯಾವ ಪಾರ್ಟ್ ಎಷ್ಟು ಬೇಕು ಅನ್ನುವ ಪಟ್ಟಿ) ತಪ್ಪಿದ್ದರೂ ಇದೇ ಕಥೆ. ಒಂದು ಪಾರ್ಟ್ ಕೈತಪ್ಪಿದರೆ ಉಳಿದ ಪಾರ್ಟುಗಳೆಲ್ಲ ಸುಮ್ನೆ ಸ್ಟೋರ್‌ನಲ್ಲಿ ಕೂರುತ್ತವೆ. ನಿಮ್ಮ ಸ್ಟೋರ್ ತುಂಬಿರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಇನ್ನು ಲೀಡ್ ಟೈಮ್. ನನಗೆ ನಿಜಕ್ಕೂ ಆತಂಕ ಆಗಿದ್ದು ಇಲ್ಲೇ. ನಿಮ್ಮಲ್ಲೇ ತಯಾರಾಗುವ ಒಂದು ಪಾರ್ಟ್ ತೆಗೆದುಕೊಳ್ಳಿ. ಮೆಷಿನ್ ಮೇಲೆ ಅದರ ಕೆಲಸ 3 ಗಂಟೆ, ಸಿಸ್ಟಂನಲ್ಲಿ ಲೀಡ್ ಟೈಮ್ 5 ದಿನ ಇರಬಹುದು. ಉಳಿದ ಸಮಯವೆಲ್ಲ ಹೆಚ್ಚಾಗಿ ಸರದಿಯಲ್ಲಿ ಕಾಯುವುದೇ. 5 ದಿನವನ್ನು 8 ಮಾಡಿದಿರಿ ಅಂದರೆ ಜಾಬ್‌ಗಳು 3 ದಿನ ಮೊದಲೇ ಶಾಪ್‌ಗೆ ಬಂದು ಬೀಳುತ್ತವೆ. ಮೆಷಿನ್ ಅಷ್ಟೇ ಇದೆ, ಸರದಿ ಮಾತ್ರ ಬೆಳೆಯುತ್ತದೆ. ಕಾಯುವುದು ಜಾಸ್ತಿಯಾದಾಗ ಮತ್ತೆ ಲೀಡ್ ಟೈಮ್ ಏರಿಸಬೇಕು ಅನ್ನಿಸುತ್ತದೆ. ದಯವಿಟ್ಟು ಆ ಬದಲಾವಣೆಯನ್ನು ಮೊದಲಿದ್ದ ಹಾಗೆ ಮಾಡಿ.

ಪ್ರಶ್ನೆ: ಮೆಷಿನ್ ಖಾಲಿ ಇದೆಯೋ ಇಲ್ಲವೋ ಅಂತ ಎಂಆರ್‌ಪಿ ನೋಡುವುದಿಲ್ವಾ ಸರ್? ಪ್ಲಾನ್‌ನಲ್ಲಿರುವ ಆರ್ಡರ್‌ಗಳ ತಾರೀಖು ದಿನಾ ಬದಲಾಗುವುದಕ್ಕೆ ಏನು ಮಾಡುವುದು?

ಉತ್ತರ: ಮೂಲ ಎಂಆರ್‌ಪಿ ನೋಡುವುದಿಲ್ಲ. ಮೆಷಿನ್ ಎಷ್ಟು ಕೆಲಸವನ್ನಾದರೂ ಮಾಡೀತು ಅಂದುಕೊಂಡೇ ತಾರೀಖು ಹಾಕುತ್ತದೆ. ಕೆಲಸ ಹಿಡಿಸುತ್ತದೋ ಇಲ್ಲವೋ ಅಂತ ಬೇರೆಯಾಗಿ ನೋಡಬೇಕು. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಫೈನೈಟ್ ಶೆಡ್ಯೂಲಿಂಗ್ (ಮೆಷಿನ್‌ಗೆ ಹಿಡಿಸುವಷ್ಟೇ ಕೆಲಸಕ್ಕೆ ತಾರೀಖು ಹಾಕುವ ವಿಧಾನ) ಇದ್ದರೆ, ಯಾವ ಮೆಷಿನ್ ಮುಂದೆ ಯಾವಾಗಲೂ ಕೆಲಸ ರಾಶಿ ಬಿದ್ದಿರುತ್ತದೋ ಅದೊಂದಕ್ಕೆ ಮೊದಲು ಬಳಸಿ. ಎಲ್ಲ ಮೆಷಿನ್‌ಗೂ ಒಟ್ಟಿಗೇ ಶುರು ಮಾಡಿದರೆ ಡೇಟಾ ಸರಿಪಡಿಸುವುದರಲ್ಲೇ ಸುಸ್ತಾಗುತ್ತೀರಿ.

ತಾರೀಖು ಕುಣಿಯುವುದಕ್ಕೆ ಟೈಮ್ ಫೆನ್ಸ್ ಹಾಕಿ. ಅಂದರೆ ಹತ್ತಿರದ ಕೆಲವು ದಿನಗಳ ಪ್ಲಾನನ್ನು ಸಿಸ್ಟಂ ತಾನಾಗಿ ಬದಲಿಸಬಾರದು, ನೀವು ಒಪ್ಪಿದರಷ್ಟೇ ಬದಲಾಗಬೇಕು. ಎಷ್ಟು ದಿನ ಅನ್ನುವುದನ್ನು ಸೇಲ್ಸ್‌ನವರ ಜೊತೆ ಕೂತು ತೀರ್ಮಾನಿಸಿ, ಇಲ್ಲದಿದ್ದರೆ ಅದು ಒಂದು ವಾರವೂ ನಿಲ್ಲುವುದಿಲ್ಲ. ಅದಕ್ಕೂ ಮೊದಲು ನಾಳೆ ಬೆಳಿಗ್ಗೆ, ಹೆಚ್ಚು ಕಾಡುವ 20 ಪಾರ್ಟ್‌ಗಳನ್ನು ಸ್ಟೋರ್‌ನಲ್ಲಿ ನೀವೇ ನಿಂತು ಎಣಿಸಿ. ಸಿಸ್ಟಂಗೂ ಎಣಿಕೆಗೂ ಎಷ್ಟು ವ್ಯತ್ಯಾಸ ಬಂತು ಅಂತ ಇಲ್ಲೇ ಬರೆಯಿರಿ, ಮುಂದೆ ಎಲ್ಲಿ ಹುಡುಕಬೇಕು ಅಂತ ನೋಡೋಣ.