ತೋಟದ ಗಡವ ಎಡಚನಾದರೆ ಮಂಗಗಳೆಲ್ಲ ಎಡಚವೇ?

ಮೂಡಿಗೆರೆ ತೋಟದವರು: ನಮ್ಮ ಬಾಳೆಗೆ ಬರುವ ಮಂಗಗಳಲ್ಲಿ ಒಂದು ದೊಡ್ಡ ಗಡವ ಇದೆ. ಬಲಗೈಯಲ್ಲಿ ಗೊನೆಯ ದಿಂಡನ್ನು ಬಿಗಿಯಾಗಿ ಹಿಡಿದು, ಎಡಗೈಯಿಂದ ಚಿಪ್ಪಿನ ಹಣ್ಣನ್ನು ಒಂದೊಂದಾಗಿ ಕಿತ್ತು ಕೆನ್ನೆಚೀಲಕ್ಕೆ ತುರುಕುತ್ತದೆ. ಎಂದೂ ಕೈ ಬದಲಿಸಿದ್ದನ್ನು ಕಾಣೆ. ಮಂಗಗಳು ಹುಟ್ಟಾ ಎಡಚವೆಂದೂ, ನಮಗೆ ಬಲಗೈ ಬಂದದ್ದು ಹಿರಿಯರ ಗದರಿಕೆಯಿಂದಲೆಂದೂ ನನ್ನ ವಾದ. ಒಪ್ಪದವರು ಹೇಳಿ.

ಬೇಲೂರಿನ ವಿಜ್ಞಾನ ಶಿಕ್ಷಕಿ: ನಾನು ಒಪ್ಪುವುದಿಲ್ಲ ಸರ್. ಆ ಗಡವ ಎಡಚನೆಂದ ಮಾತ್ರಕ್ಕೆ ಅದರ ಕುಲವೇ ಎಡಚವಾಗುವುದಿಲ್ಲ. ಒಂದೊಂದು ಪ್ರಾಣಿಗೆ ಒಂದೊಂದು ಕೈ ಮೇಲಾಗಿರುವುದು ಸಾಮಾನ್ಯ. ಇಡೀ ಜಾತಿ ಒಂದೇ ಕಡೆಗೆ ವಾಲಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಕೊಳವೆಯೊಳಗೆ ತಿಂಡಿ ಮೆತ್ತಿ ಕೊಟ್ಟು, ಯಾವ ಕೈ ಹಿಡಿಯುತ್ತದೆ, ಯಾವ ಬೆರಳು ಒಳಗೆ ಹೋಗುತ್ತದೆ ಎಂದು ನೋಡುವ ಪರೀಕ್ಷೆಯೊಂದಿದೆ. ಮನುಷ್ಯರೂ ಸೇರಿ 38 ಜಾತಿಗಳ 1786 ಜೀವಿಗಳ ಇಂಥ ಲೆಕ್ಕ 2022ರಲ್ಲಿ ಪ್ರಕಟವಾಯಿತು. ಇಡೀ ಜಾತಿಯೇ ಒಂದು ಕಡೆಗೆ ವಾಲಿರುವುದು ಅಪರೂಪವೆಂದೂ, ಮನುಷ್ಯನಷ್ಟು ಬಲಕ್ಕೆ ವಾಲಿದ ಜಾತಿ ಇನ್ನೊಂದಿಲ್ಲವೆಂದೂ ಅದರಿಂದ ತಿಳಿಯಿತು. ಗದರಿಕೆಯ ಮಾತಿಗೆ ಬಂದರೆ, ಗರ್ಭದಲ್ಲಿರುವ ಶಿಶುಗಳು ಕೂಡ ಹೆಚ್ಚಾಗಿ ಬಲಗೈ ಹೆಬ್ಬೆರಳನ್ನೇ ಚೀಪುವುದು ಸ್ಕ್ಯಾನಿಂಗ್‌ನಲ್ಲಿ ಕಂಡಿದೆ. ಅಲ್ಲಿ ಗದರುವವರು ಯಾರು?

ಹಾಸನದ ವೈದ್ಯಕೀಯ ವಿದ್ಯಾರ್ಥಿ: ಮಿದುಳನ್ನೂ ನೋಡಬೇಕು, ಬಲಗೈಯನ್ನು ನಡೆಸುವುದು ಅದರ ಎಡಭಾಗವೇ. ಮಾತಿನ ಗ್ರಹಿಕೆಗೆ ಸಂಬಂಧಿಸಿದ ಒಂದು ಭಾಗ 1968ರಲ್ಲಿ ಪರೀಕ್ಷಿಸಿದ 100 ಮನುಷ್ಯರ ಮಿದುಳುಗಳಲ್ಲಿ 65ರಲ್ಲಿ ಎಡಗಡೆಗೇ ದೊಡ್ಡದಿತ್ತು. 1998ರಲ್ಲಿ ಚಿಂಪಾಂಜಿಗಳ 18 ಮಿದುಳುಗಳನ್ನು ಅಳೆದಾಗ 17ರಲ್ಲಿ ಅದೇ ಭಾಗ ಎಡಕ್ಕೇ ದೊಡ್ಡದು! ಮಾತೇ ಬಾರದ ಪ್ರಾಣಿಗೂ ಈ ಎಡ-ಬಲದ ವ್ಯತ್ಯಾಸ ಇದೆ. ಹಾಗಾಗಿ ಭಾಷೆ ಬಂದ ಮೇಲೆ ಮಿದುಳು ವಾಲಿತು, ಅದರ ಹಿಂದೆಯೇ ಬಲಗೈ ಬಂತು ಎಂಬ ಸರಳ ಕಥೆಯನ್ನು ನಾನು ನಂಬುವುದಿಲ್ಲ.

ಮೂಡಿಗೆರೆ ತೋಟದವರು: ಚಿಂಪಾಂಜಿಗಳಲ್ಲಿಯೂ ಬಲಗೈಯವೇ ಹೆಚ್ಚು ಎಂದು ಓದಿದ್ದೆನಲ್ಲ?

ಬೇಲೂರಿನ ವಿಜ್ಞಾನ ಶಿಕ್ಷಕಿ: ಅಮೆರಿಕದ ಸಂಶೋಧಕ ವಿಲಿಯಂ ಹಾಪ್ಕಿನ್ಸ್ ಹಾಗೆ ಹೇಳಿದ್ದು ಕಾಡಿನವನ್ನಲ್ಲ, ಸಾಕಿದ ಚಿಂಪಾಂಜಿಗಳನ್ನು ನೋಡಿ. ಮನುಷ್ಯರ ನಡುವೆ ಬೆಳೆದ ಪ್ರಾಣಿಗಳೆಂದು ಆಗಲೇ ಹಲವರು ಆಕ್ಷೇಪಿಸಿದ್ದರು. ಆಫ್ರಿಕಾದ ತಾಂಜಾನಿಯಾದಲ್ಲಿರುವ ಗೊಂಬೆ ಎಂಬ ಕಾಡಿನಲ್ಲಿ ಹುತ್ತಕ್ಕೆ ಕಡ್ಡಿ ಹಾಕಿ ಗೆದ್ದಲು ಹಿಡಿಯುವ ಚಿಂಪಾಂಜಿಗಳು ಎಡಗೈ ಕಡೆಗೇ ವಾಲಿವೆ ಎಂದು 2005ರಲ್ಲಿ ಪ್ರಕಟಿಸಿದವರಲ್ಲಿ ಅದೇ ಹಾಪ್ಕಿನ್ಸ್ ಒಬ್ಬರು. ಕೆಲಸ ಬದಲಾದರೆ ಕೈಯೂ ಬದಲಾಗುತ್ತದೆ. ‘ಚಿಂಪಾಂಜಿ ಬಲಗೈಯದು’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ತಪ್ಪು.

ಹಾಸನದ ವೈದ್ಯಕೀಯ ವಿದ್ಯಾರ್ಥಿ: ತೋಟದವರು ಕಂಡದ್ದನ್ನು ತಳ್ಳಿಹಾಕಬೇಡಿ ಮೇಡಂ. ಮರದ ಮೇಲಿದ್ದ ಪೂರ್ವಜರು ಬಲಗೈಯಲ್ಲಿ ಕೊಂಬೆ ಹಿಡಿದು ಎಡಗೈಯಿಂದ ಆಹಾರಕ್ಕೆ ಚಾಚುತ್ತಿದ್ದರು, ನೆಲಕ್ಕಿಳಿದ ಮೇಲೆ ಬಿಡುವಾದ ಬಲಗೈ ನಾಜೂಕಿನ ಕೆಲಸಕ್ಕೆ ಒದಗಿತು ಎಂಬ ವಾದವನ್ನು 1987ರಲ್ಲೇ ಮಂಡಿಸಿದ್ದಾರೆ. ಗಡವ ಮಾಡುತ್ತಿರುವುದು ಅದನ್ನೇ. ನೀವು ಹೇಳಿದ 2022ರ ಲೆಕ್ಕದಲ್ಲಿಯೂ ಮರವಾಸಿಗಳ ಕೈಯೊಲವು, ಅಂದರೆ ಒಂದೇ ಕೈಯನ್ನು ಮೆಚ್ಚಿ ಬಳಸುವ ಗುಣ, ನೆಲವಾಸಿಗಳದ್ದಕ್ಕಿಂತ ಗಟ್ಟಿ. ಇನ್ನು ನಮ್ಮದೇ ಮಂಗಗಳ ಮೇಲೆ ಮೈಸೂರಿನ ಸಂಶೋಧಕ ಮೇವಾ ಸಿಂಗ್ ಮತ್ತು ಸಂಗಡಿಗರು ಬರೆದದ್ದು ನನಗೆ ತುಂಬ ಹಿಡಿಸಿತು. ಕೈಯೊಲವು ಹೆಚ್ಚಿರುವ ಮಂಗ ತನ್ನ ಮೆಚ್ಚಿನ ಕೈಯಿಂದ ಆಹಾರವನ್ನು ಬೇಗ ಹೊರತೆಗೆಯುತ್ತದೆ. ಒಲವಿನಿಂದ ಲಾಭವಿದೆ ಎಂದಾಯಿತಲ್ಲ.

ಕಡೂರಿನ ಗೃಹಿಣಿ: ನನಗೆ ಬೇಕಾದದ್ದು ಒಂದೇ ಉತ್ತರ. ಮಗ ಎಡಗೈಯಲ್ಲಿ ಬರೆಯುತ್ತಾನೆ. ಊಟಕ್ಕೆ ಕುಳಿತಾಗ ಎಡಗೈ ಎಲೆಯತ್ತ ಹೋದರೆ ಅಜ್ಜಿ ಕೈಮೇಲೆ ಹೊಡೆಯುತ್ತಾರೆ. ಅವನ ಮಿದುಳಿನಲ್ಲಿ ಎಲ್ಲ ತಿರುಗುಮುರುಗಾಗಿದೆಯೇ?

ಹಾಸನದ ವೈದ್ಯಕೀಯ ವಿದ್ಯಾರ್ಥಿ: ಇಲ್ಲ ಅಕ್ಕ. ಎಡಚರಲ್ಲಿಯೂ ನೂರಕ್ಕೆ ಸುಮಾರು 70 ಮಂದಿಗೆ ಮಾತಿನ ಕೇಂದ್ರ ಮಿದುಳಿನ ಎಡಭಾಗದಲ್ಲೇ ಇರುತ್ತದೆ. ಹತ್ತು ಜನರಲ್ಲಿ ಒಬ್ಬರು ಎಡಚರು, ಅದು ರೋಗವಲ್ಲ. ಊಟದ ಮರ್ಯಾದೆಯನ್ನು ಬೇಕಾದರೆ ಮೆಲ್ಲಗೆ ಹೇಳಿಕೊಡಲಿ. ಆದರೆ ಹೊಡೆಯುವುದು ಬೇಡವೇ ಬೇಡ, ಪೆನ್ಸಿಲ್ ಹಿಡಿದ ಕೈಯನ್ನಂತೂ ಯಾರೂ ಮುಟ್ಟಬಾರದು.

ಬೇಲೂರಿನ ವಿಜ್ಞಾನ ಶಿಕ್ಷಕಿ: ನನ್ನ ತರಗತಿಯಲ್ಲಿ ಎಡಚ ಮಕ್ಕಳನ್ನು ಬೆಂಚಿನ ಎಡತುದಿಗೆ ಕೂರಿಸುತ್ತೇನೆ. ಪಕ್ಕದವರ ಮೊಣಕೈ ತಾಗುವುದಿಲ್ಲ. ನಿಮ್ಮ ಶಾಲೆಯಲ್ಲಿಯೂ ಕೇಳಿ ನೋಡಿ.

ಮೂಡಿಗೆರೆ ತೋಟದವರು: ಸರಿ, ಉಳಿದ ಮಂಗಗಳ ಲೆಕ್ಕವನ್ನೂ ಇಡುತ್ತೇನೆ. ಹೇಗೆಂದು ಹೇಳಿ.

ಬೇಲೂರಿನ ವಿಜ್ಞಾನ ಶಿಕ್ಷಕಿ: ಹರಿದ ಕಿವಿ, ಮೊಂಡು ಬಾಲ ನೋಡಿ ಒಂದೊಂದನ್ನೂ ಗುರುತಿಟ್ಟುಕೊಳ್ಳಿ. ಒಂದೇ ಮಂಗ ಹತ್ತು ಸಲ ಕೈ ಚಾಚಿದರೆ ಅದು ಹತ್ತು ಮಂಗಗಳ ಸಾಕ್ಷ್ಯವಲ್ಲ. ನೆಲದಲ್ಲಿ ಕುಳಿತಿತ್ತೇ, ಗೊನೆಗೆ ಜೋತುಬಿದ್ದಿತ್ತೇ ಎಂಬುದನ್ನೂ ಬರೆದಿಡಿ. ಮುಸಿಯಗಳ ಹೆಬ್ಬೆರಳು ಗಿಡ್ಡ, ಹಿಡಿತವೇ ಬೇರೆ. ಅವನ್ನು ಇದರಲ್ಲಿ ಬೆರೆಸಬೇಡಿ.